ಅಪ್‌ಡೇಟ್: ಮಳೆಗಾಲದಲ್ಲಿ ಬಿಗಿಯಾಗುತ್ತಿದ್ದ ಬಾಗಿಲು ಸರಿಹೋಯಿತು

ಹೋದ ವರ್ಷ ಜುಲೈನಲ್ಲಿ ಕೇಳಿದ್ದೆ, ಸಾಗರದ ನಮ್ಮ ಮನೆಯ ಹಲಸಿನ ಮರದ ಬಾಗಿಲು ಮಳೆ ಬಂದರೆ ಸಾಕು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ಅಂಚು ಹೆರೆಸಿಬಿಡಲಾ ಅಂತ. ಮರಗೆಲಸದಲ್ಲಿ ಪಳಗಿದ ಅಣ್ಣ ಒಬ್ಬರು "ಮಳೆಯಲ್ಲಿ ಹೆರೆಯಬೇಡಿ, ಬೇಸಿಗೆಯಲ್ಲಿ ಸಂದು ಬಿಡುತ್ತೆ, ಮೊದಲು ಬಿಜಾಗರಿ ನೋಡಿ" ಅಂದಿದ್ದರು. ಎಷ್ಟು ಸರಿಯಾದ ಮಾತು!

ಮೇಲಿನ ಬಿಜಾಗರಿಯ ಸ್ಕ್ರೂಗಳು ಸಡಿಲವಾಗಿ ಬಾಗಿಲು ಜೋತುಬಿದ್ದಿತ್ತು. ತೂತುಗಳಿಗೆ ಫೆವಿಕಾಲ್ ಹಚ್ಚಿದ ಬಿದಿರಿನ ಕಡ್ಡಿ ಬಡಿದು, ಒಂದು ರಾತ್ರಿ ಒಣಗಲು ಬಿಟ್ಟು, ಸ್ವಲ್ಪ ಉದ್ದದ ಸ್ಕ್ರೂ ಹಾಕಿದೆ. ಅರ್ಧ ತೊಂದರೆ ಅಲ್ಲೇ ಹೋಯಿತು.

ಉಳಿದದ್ದು ಮರ ಉಬ್ಬುವುದರಿಂದ. ಮರ ಉದ್ದಕ್ಕೆ ಹೆಚ್ಚುಕಡಿಮೆ ಬೆಳೆಯುವುದಿಲ್ಲ, ಅಗಲಕ್ಕೇ ಉಬ್ಬೋದು, ಅದಕ್ಕೇ ಬೀಗದ ಕಡೆ ಹಿಡಿಯುತ್ತದೆ. ಮಳೆ ಇದ್ದಾಗಲೇ ಉಜ್ಜುವ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿಟ್ಟು, ಜನವರಿಯಲ್ಲಿ ಬಾಗಿಲು ಕಳಚಿ ಅಷ್ಟನ್ನೇ ಉಜ್ಜುಗೊರಡಿನಿಂದ ತೆಳ್ಳಗೆ ತೆಗೆದೆ.

ಆದರೆ ನನ್ನ ಪ್ರಕಾರ ನಿಜವಾದ ಗೆಲುವು ಬಾಗಿಲಿನ ತಲೆ ಮತ್ತು ಬುಡದ ಅಂಚಿನದು. ಅಲ್ಲಿ ಪಾಲಿಶ್ ಮುಟ್ಟೇ ಇರಲಿಲ್ಲ, ಬರೀ ಮರ! ಪಕ್ಕದ ಪಟ್ಟಿಗಳ ಕೊನೆಗಳು ಅಲ್ಲೇ ತೆರೆದಿರುತ್ತವೆ, ಮರ ನೀರು ಜಾಸ್ತಿ ಹೀರುವುದೂ ಆ ಕೊನೆಗಳಿಂದಲೇ. ಬಾಗಿಲು ಕೆಳಗಿಳಿಸಿದ್ದರಿಂದ ಎರಡೂ ಅಂಚಿಗೆ, ಹೊಸದಾಗಿ ಹೆರೆದ ಕಡೆಗೂ, ಮರಳುಕಾಗದ ಉಜ್ಜಿ ಎರಡು ಕೋಟ್ ವಾರ್ನಿಶ್ ಹೊಡೆದೆ.

ಈ ಮಳೆಗಾಲ ಪೂರ್ತಿ ಬಾಗಿಲು ಒಂದೇ ಕೈಯಲ್ಲಿ ಹಾಕಲು ಬಂತು, ಅಮ್ಮನಿಗೂ ಕಷ್ಟವಾಗಲಿಲ್ಲ. ಅಣ್ಣಾ, ತುಂಬಾ ಥ್ಯಾಂಕ್ಸ್. ಅಡುಗೆಮನೆ ಕಿಟಕಿಗೂ ಇದೇ ಮಾಡಬಹುದಲ್ವಾ, ಅದಕ್ಕೆ ಗಾಜು ತೆಗೆಯಲೇಬೇಕಾ?