ಪೆಟ್ ಫ್ರೆಂಡ್ಲಿ ಅಂತ ನಂಬಿ ಚಿಕ್ಕಮಗಳೂರಿಗೆ ಹೋದ್ವಿ, ದುಡ್ಡು ವಾಪಸ್ ಕೇಳ್ಬಹುದಾ?

ಹಾಸನದ ಸೊಸೆ:
ನಮಸ್ತೆ ಎಲ್ರಿಗೂ. ಮಕ್ಕಳಿಗೆ ರಜೆ ಅಂತ ಬೇಲೂರು ಮೇಲೆ ಚಿಕ್ಕಮಗಳೂರಿಗೆ ಹೋಗಿದ್ವಿ, ನಾನು, ನಮ್ಮನೆಯವ್ರು, ಅತ್ತೆ, ಇಬ್ರು ಮಕ್ಕಳು, ಜೊತೆಗೆ ನಮ್ಮ ರಾಣಿ. ರಾಣಿ ನಾಟಿ ನಾಯಿ, ಮರಿ ಇದ್ದಾಗಿಂದ ಮನೆ ಒಳಗೇ ಮಲಗಿ ಅಭ್ಯಾಸ. ಅದಕ್ಕೇ ಆ್ಯಪಲ್ಲಿ ಪೆಟ್ ಫ್ರೆಂಡ್ಲಿ ಅಂತ ಹಾಕಿರೋ ರೆಸಾರ್ಟನ್ನೇ ಹುಡುಕಿ, ಫೋನ್ ಮಾಡಿ ನಾಯಿ ನಮ್ ಜೊತೆ ರೂಮಲ್ಲೇ ಇರುತ್ತೆ ಅಂತ ಹೇಳಿ, ವಾಟ್ಸಾಪಲ್ಲಿ ಅವಳ ಫೋಟೋನೂ ಕಳ್ಸಿ, ಅವ್ರು ಓಕೆ ಮೇಡಂ ಬನ್ನಿ ಅಂದ್ಮೇಲೇನೇ ಪೂರ್ತಿ ದುಡ್ಡು ಹಾಕಿದ್ದು.

ಹೋಗಿ ನಿಂತ್ರೆ, ನಾಯಿ ಒಳಗೆ ಬಿಡಲ್ಲ ಹಿಂದ್ಗಡೆ ಶೆಡ್ ಇದೆ ಕಟ್ಟಿ ಅಂತಾರೆ. ಆ ಶೆಡ್ ನೋಡ್ಬೇಕಿತ್ತು ನೀವು, ಜನರೇಟರ್ ಪಕ್ಕ ಮೂರು ಕಡೆ ತಗಡು, ಮುಂದ್ಗಡೆ ಬಾಗಿಲೇ ಇಲ್ಲ, ನೆಲವೆಲ್ಲ ಡೀಸೆಲ್ ಚೆಲ್ಲಿ ಕಪ್ಪಗಾಗಿತ್ತು, ಮೂಲೇಲಿ ಹಳೇ ಗೊಬ್ಬರದ ಚೀಲ. ಅದಕ್ಕೆ ಪೆಟ್ ಚಾರ್ಜ್ ಅಂತ ಬೇರೆ ಸಾವಿರದೈನೂರು! ರಾತ್ರಿ ಆಗೋಗಿತ್ತು, ಅತ್ತೆನೂ ಮಕ್ಕಳನ್ನೂ ಕಟ್ಕೊಂಡು ಬೇರೆ ಎಲ್ಲಿಗೆ ಅಂತ ಹೋಗೋದು? ನಮ್ಮನೆಯವ್ರು ರಾಣಿ ಜೊತೆ ಕಾರಲ್ಲೇ ಮಲಗಿದ್ರು. ರೂಮೂ ಅಷ್ಟೇ, ಗೋಡೆ ತುಂಬ ಬೂಷ್ಟು, ರಗ್ಗೆಲ್ಲ ಥಂಡಿ ಹಿಡಿದು ವಾಸನೆ, ಗೀಸರಲ್ಲಿ ಬಿಸಿನೀರೇ ಇಲ್ಲ. ಅತ್ತೆಗೆ ಮಂಡಿ ನೋವು, ಕೆಳಗಿನ ರೂಮೇ ಬೇಕು ಅಂತ ಮುಂಚೆನೇ ಹೇಳಿದ್ರೂ ಮೇಲ್ಗಡೆ ಕೊಟ್ರು. ಅವ್ರು ಮೆಟ್ಲಲ್ಲಿ ಕೂತ್ಕೊಂಡು ಕೂತ್ಕೊಂಡು ಹತ್ತಿದ್ದು ನೋಡಿ ನಂಗೆ ಕಣ್ಣಲ್ಲಿ ನೀರೇ ಬಂತು. ಬೆಳಿಗ್ಗೆ ಕೇಳಿದ್ರೆ ಮ್ಯಾನೇಜರ್ ಇಲ್ಲ, ರಿಫಂಡ್ ಇಲ್ಲ ಅಷ್ಟೇ ಉತ್ತರ. ಏನ್ ಮಾಡ್ಬಹುದು ಹೇಳಿ ಪ್ಲೀಸ್.

ಕಾಫಿತೋಟ:
ಅಕ್ಕ, ನಾನು ಮೂಡಿಗೆರೆ ಕಡೆಯವನು, ನಮ್ದೂ ಚಿಕ್ಕದೊಂದು ಹೋಂಸ್ಟೇ ಇದೆ. ಓದಿ ನಿಜವಾಗ್ಲೂ ಸಿಟ್ಟು ಬಂತು. ದುಡ್ಡಿನ ವಿಷ್ಯ ಆಮೇಲಿರ್ಲಿ, ತೋಟದ ಮಧ್ಯೆ ಬಾಗಿಲಿಲ್ಲದ ಶೆಡ್ಡಲ್ಲಿ ರಾತ್ರಿ ನಾಯಿ ಕಟ್ಟಿ ಅಂತಾರಲ್ಲ, ಇಲ್ಲಿ ಚಿರತೆಗೆ ಮೊದಲು ಸಿಗೋದೇ ಕಟ್ಟಿದ ನಾಯಿ. ತೋಟದವ್ರು ನಾವೇ ಕತ್ತಲಾದ್ಮೇಲೆ ನಾಯಿನ ಗೂಡಲ್ಲಿ ಕೂಡಿ ಚಿಲಕ ಹಾಕ್ತೀವಿ. ನಿಮ್ಮನೆಯವ್ರು ಕಾರಲ್ಲಿ ಮಲಗಿದ್ದೇ ರಾಣಿ ಪುಣ್ಯ.

ಮಳೆಗಾಲ ಮುಗಿಯೋವರೆಗೂ ಬೂಷ್ಟು ಈ ಕಡೆ ಎಲ್ಲರ ಮನೇಲೂ ಬರುತ್ತೆ, ಅದೊಂದಕ್ಕೆ ನಾನು ಅವ್ರನ್ನ ಬೈಯಲ್ಲ, ಆದ್ರೆ ಗೆಸ್ಟ್ ಬರೋ ಮುಂಚೆ ರೂಮ್ ತೆಗೆದು ಗಾಳಿ ಆಡಿಸಿ ರಗ್ಗು ಬಿಸಿಲಿಗೆ ಹಾಕಿ ಕೊಡೋದು ಕೆಲಸ ಅಲ್ವಾ.

ಲಾ ಪಾಯಿಂಟ್:
ಕೇಳ್ಬಹುದು, ಕೇಳ್ಲೇಬೇಕು. ಆ ವಾಟ್ಸಾಪ್ ಚಾಟೇ ನಿಮ್ಮ ದೊಡ್ಡ ಸಾಕ್ಷಿ, ಡಿಲೀಟ್ ಮಾಡ್ಬೇಡಿ. ಆ್ಯಪಲ್ಲಿ ಪೆಟ್ ಫ್ರೆಂಡ್ಲಿ ಅಂತ ಇರೋ ಪೇಜನ್ನ ಅವ್ರು ಬದಲಾಯಿಸೋ ಮುಂಚೆ ಇವತ್ತೇ ಸ್ಕ್ರೀನ್‌ಶಾಟ್ ತೆಗೀರಿ, ಪೆಟ್ ಚಾರ್ಜ್ ಬಿಲ್, ಶೆಡ್ ಫೋಟೋ ಎಲ್ಲ ಒಂದ್ಕಡೆ ಇಡಿ. ಮೊದಲು ರೆಸಾರ್ಟ್‌ಗೂ ಆ್ಯಪ್‌ನವ್ರಿಗೂ ಮೇಲ್ ಹಾಕಿ, ಇಷ್ಟು ವಾಪಸ್ ಬೇಕು, ಇಷ್ಟು ದಿನದೊಳಗೆ ಅಂತ. ಬರೀ ಫೋನಲ್ಲಿ ಜಗಳ ಆಡಿದ್ರೆ ನಾಳೆ ತೋರಿಸೋಕೆ ಏನೂ ಇರಲ್ಲ. ಆಗ್ಲಿಲ್ಲ ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಸುಮಾರು ಕೇಸ್ ಅಲ್ಲೇ ರಾಜಿ ಆಗ್ತವೆ. ಅದೂ ಆಗ್ದಿದ್ರೆ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ್ಮೇಲೆ ನೀವು ವಾಸ ಇರೋ ಜಿಲ್ಲೇಲೇ ದೂರು ಕೊಡ್ಬಹುದು, ಅಂದ್ರೆ ಹಾಸನದಲ್ಲೇ, ಚಿಕ್ಕಮಗಳೂರಿಗೆ ಓಡಾಡೋದು ಬೇಡ. ನೀವು ಕಟ್ಟಿದ ಹಣ 5 ಲಕ್ಷದೊಳಗೆ ಇದ್ರೆ ಶುಲ್ಕ ಇಲ್ಲ, ಲಾಯರ್ ಇಡ್ಲೇಬೇಕು ಅಂತಾನೂ ಇಲ್ಲ, 2 ವರ್ಷದೊಳಗೆ ಹಾಕ್ಬೇಕು ಅಷ್ಟೇ.

ಕೊಪ್ಪದವಳು:
ಎಲ್ರೂ ದುಡ್ಡಿನ ಬಗ್ಗೆನೇ ಹೇಳ್ತಿದೀರ, ರಾಣಿ ಮೈ ನೋಡಿದ್ರಾ ಮೊದಲು? ತೋಟದಲ್ಲಿ ಓಡಾಡಿದ್ರೆ ಉಣುಗು ಹತ್ತೇ ಹತ್ತುತ್ತೆ. ಕಿವಿ ಒಳಗೆ, ಬೆರಳ ಸಂದಿ, ಬೆಲ್ಟ್ ಕೆಳಗೆ ಕೈ ಆಡ್ಸಿ ನೋಡಿ. ಸೀಮೆಎಣ್ಣೆ ಗೀಮೆಎಣ್ಣೆ ಹಚ್ಬೇಡಿ, ಗ್ಲೌಸ್ ಹಾಕ್ಕೊಂಡು ಚಿಮಟದಲ್ಲಿ ಚರ್ಮದ ಹತ್ರ ಹಿಡಿದು ನೇರ ಎಳೀರಿ. ಉಣುಗಿನ ಜ್ವರ ತಕ್ಷಣ ಕಾಣಲ್ಲ, ಒಂದೆರಡು ವಾರ ಬಿಟ್ಟು ಊಟ ಬಿಡುತ್ತೆ, ಮಂಕಾಗುತ್ತೆ, ವಸಡು ಬಿಳಚ್ಕೊಳ್ಳುತ್ತೆ, ಆಗ ತಡ ಮಾಡದೆ ಡಾಕ್ಟ್ರ ಹತ್ರ ಹೋಗ್ಬೇಕು. ಮಕ್ಕಳ ಮೈನೂ ನೋಡಿ. ಮಂಗನ ಕಾಯಿಲೆ ಮನುಷ್ಯರಿಗೆ ಹರಡೋದೂ ಉಣುಗಿಂದಾನೇ, 1957ರಲ್ಲಿ ಸೊರಬದ ಕ್ಯಾಸನೂರಲ್ಲಿ ಮೊದಲು ಗೊತ್ತಾಗಿದ್ದು, ನಮ್ಮ ಕೊಪ್ಪ, ಎನ್.ಆರ್.ಪುರ ಕಡೆನೂ ಜನ ಅನುಭವಿಸಿದಾರೆ. ಯಾರಿಗಾದ್ರೂ ಜ್ವರ ಬಂದ್ರೆ ಮಲೆನಾಡಿಗೆ ಹೋಗಿದ್ವಿ ಅಂತ ಡಾಕ್ಟ್ರಿಗೆ ತಪ್ಪದೇ ಹೇಳಿ.

ಹಾಸನದ ಸೊಸೆ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಚಿರತೆ ವಿಷ್ಯ ಓದಿ ಕೈಕಾಲೇ ತಣ್ಣಗಾಯ್ತು. ಸ್ಕ್ರೀನ್‌ಶಾಟ್ ತೆಗೆದಿಟ್ಟೆ, ಪೇಜಲ್ಲಿ ಇನ್ನೂ ಹಾಗೇ ಇದೆ. ಮೇಲ್ ಇಬ್ರಿಗೂ ಹಾಕಿದೀನಿ, ಪೆಟ್ ಚಾರ್ಜ್ ಒಂದೇ ಅಲ್ಲ, ರೂಮ್ ಬಾಡಿಗೆನೂ ಕೇಳಿದೀನಿ, ಬಿಡಲ್ಲ. ರಾಣಿ ಕಿವೀಲಿ ಎರಡು ಉಣುಗು ಸಿಕ್ತು, ಸಂಜೆ ಪಶು ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದೀವಿ.