ಮಗಳಿಗೆ ಸಿಂಫನಿ ಆರ್ಕೆಸ್ಟ್ರಾದಲ್ಲಿ ನುಡಿಸುವಾಸೆ. ಇದನ್ನೇ ನಂಬಿ ಬದುಕಬಹುದಾ?

ಪ್ರಶ್ನೆ (ಮೈಸೂರಿನ ಅಮ್ಮ):
ಮಗಳು ಪಿಯುಸಿ. ಚಿಕ್ಕವಳಿದ್ದಾಗ ಮೃದಂಗ, ಈಗ ಡ್ರಮ್ಸ್. ಸಿಂಫನಿಯಲ್ಲಿ ತಾಳವಾದ್ಯ ನುಡಿಸಬೇಕು ಅಂತಾಳೆ. ಕೊನೆಗೆ ಬರೀ ಪಾಠ ಹೇಳಿಕೊಂಡಿರಬೇಕಾಗುತ್ತದೇನೋ ಅಂತ ನನಗೆ ಭಯ.

ಉತ್ತರ (ಬೆಂಗಳೂರಿನ ಡ್ರಮ್ಸ್ ಮೇಷ್ಟ್ರು):
ಅವಳ ಡ್ರಮ್ ಸ್ಟಿಕ್ ಮೇಲೆ ವಿಕ್ ಫರ್ತ್ ಅಂತ ಬರೆದಿದೆಯಾ ನೋಡಿ. ನನ್ನ ಶಿಷ್ಯರಲ್ಲಿ ಜಾಸ್ತಿ ಜನರ ಬಳಿ ಅದೇ ಇದೆ. ಆತ ಅಮೆರಿಕದ ಬಾಸ್ಟನ್ ಸಿಂಫನಿ ಆರ್ಕೆಸ್ಟ್ರಾಗೆ 1952ರಲ್ಲಿ ಸೇರಿದವರು. 1956ರಿಂದ 2002ರವರೆಗೆ ಅಲ್ಲಿನ ಮುಖ್ಯ ಟಿಂಪನಿ (ಶ್ರುತಿ ಮಾಡುವ ದೊಡ್ಡ ಬೋಗುಣಿಯಾಕಾರದ ಡ್ರಮ್) ವಾದಕ. ಜೊತೆಗೆ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿ ಅನ್ನುವ ಸಂಗೀತ ಕಾಲೇಜಿನಲ್ಲಿ ಪಾಠ. ಅಂಗಡಿಯ ಸ್ಟಿಕ್ ಒಪ್ಪಿಗೆಯಾಗದೆ ತಾವೇ ಮಾಡಿಸಿಕೊಂಡರು. ಶಿಷ್ಯರೂ ಅದನ್ನೇ ಕೇಳತೊಡಗಿದರು. 1963ರಲ್ಲಿ ಕಂಪನಿ ಶುರುವಾಯಿತು. ಎರಡು ಸ್ಟಿಕ್‌ಗಳ ನಾದವೂ ಹೊಂದಬೇಕು ಅನ್ನುವಂಥ ಕಿವಿ ಅವರದ್ದು. ಪಾಠ ಹೇಳುವುದು ಸೋತವರ ಕೆಲಸ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ನಾನು ಕಲಿಸುತ್ತಲೇ ಚೆನ್ನಾಗಿ ಕೇಳಿಸಿಕೊಳ್ಳುವುದನ್ನು ಕಲಿತೆ.

ಕೆಲಸ ಸಿಗುವುದು ಮಾತ್ರ ಕಷ್ಟ, ನಿಜ. ಒಂದು ಆರ್ಕೆಸ್ಟ್ರಾದಲ್ಲಿ ಈ ಜಾಗಗಳು ಬೆರಳೆಣಿಕೆಯಷ್ಟು. ಸೇರಿದವರು ಬೇಗ ಬಿಡುವುದೂ ಇಲ್ಲ. ವಿದೇಶದ ಎಷ್ಟೋ ಕಡೆ ಪರದೆಯ ಹಿಂದೆ ನಿಂತು ಆಡಿಷನ್ ಕೊಡಬೇಕು. ಅಲ್ಲಿ ರಾವೆಲ್ ಎಂಬ ಸಂಯೋಜಕನ ಬೊಲೆರೊ ಕೃತಿ ನುಡಿಸಿ ಅನ್ನಬಹುದು: ಸ್ನೇರ್ ಡ್ರಮ್‌ನಲ್ಲಿ (ಕೆಳಗೆ ತಂತಿ ಕಟ್ಟಿದ ಚಿಕ್ಕ ಡ್ರಮ್) ಎರಡು ಬಾರ್, ಅಂದರೆ ಎರಡು ತಾಳದ ಆವರ್ತದಷ್ಟು ಉದ್ದದ ಒಂದೇ ನಡೆ, ಮೊದಲಿಂದ ಕೊನೆತನಕ. ಕೈ ಓಡಬಾರದು, ಸದ್ದು ಮಾತ್ರ ಮೆಲ್ಲಗೆ ಏರಬೇಕು.

ಉತ್ತರ (ಮುಂಬೈ ಕನ್ನಡಿಗ):
ಇಲ್ಲಿ ಎನ್‌ಸಿಪಿಎ ಅನ್ನುವ ಕಲಾಕೇಂದ್ರದಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇದೆ, 2006ರಿಂದ. ಒಮ್ಮೆ ಕರೆತನ್ನಿ. ಡ್ವೊರಾಕ್ ಎಂಬ ಸಂಯೋಜಕನ 9ನೇ ಸಿಂಫನಿ ಇದ್ದರೆ ಇನ್ನೂ ಒಳ್ಳೆಯದು. ಇಡೀ ಕೃತಿಯಲ್ಲಿ ತಾಳ, ಅಂದರೆ ಸಿಂಬಲ್, ಒಂದೇ ಸಲ. ಅದೂ ಕೊನೆಯ ಭಾಗದಲ್ಲಿ, ಮೆತ್ತಗೆ. ಅಲ್ಲಿತನಕ ಎಣಿಸುತ್ತಾ ಕೂರಬೇಕು!

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಮೃದಂಗ ಕಲಿತದ್ದು ಉಪಯೋಗಕ್ಕೆ ಬರುತ್ತದಾ?

ಬೆಂಗಳೂರಿನ ಡ್ರಮ್ಸ್ ಮೇಷ್ಟ್ರು:
ಖಂಡಿತ. ಶ್ರುತಿ ಸೇರಿಸಿ ಅಭ್ಯಾಸ ಇದೆಯಲ್ವಾ? ಟಿಂಪನಿಯವರು ಸುತ್ತಲೂ ಬೇರೆ ಸ್ವರ ಮೊಳಗುತ್ತಿರುವಾಗಲೇ ಪೆಡಲ್ ಒತ್ತಿ ಶ್ರುತಿ ಬದಲಿಸಬೇಕು, ಕಿವಿಯನ್ನು ಚರ್ಮದ ಹತ್ತಿರ ತಂದು. ಟಿಂಪನಿ ಮನೆಗೆ ಕೊಳ್ಳುವ ಮಾತೇ ಬೇಡ. ಸದ್ಯ ಸ್ನೇರ್ ಮತ್ತು ಪಿಯಾನೊ ಸಾಕು. ಮಾರಿಂಬಾ, ಝೈಲೊಫೋನ್‌ಗೆ (ಪಿಯಾನೊ ಕೀಲಿಗಳಂತೆ ಜೋಡಿಸಿದ ಮರದ ಪಟ್ಟಿಗಳನ್ನು ಬಡಿದು ನುಡಿಸುವ ವಾದ್ಯಗಳು) ಸ್ಟಾಫ್ ನೊಟೇಶನ್, ಅಂದರೆ ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿ, ಸಲೀಸಾಗಿ ಓದಲು ಬರಬೇಕು, ಅದನ್ನು ಈ ವರ್ಷವೇ ಶುರು ಮಾಡಿಸಿ.