ಓರಗಿತ್ತಿ ಮಗು ನನ್ನ ಹತ್ರ ಬೆಳೆದಿದೆ, ದತ್ತು ಬರೆಸಿಕೊಳ್ಳಬಹುದಾ?

ಪ್ರಶ್ನೆ: ಲಾಯರ್ ಮೇಡಂ, ನಮ್ಮದು ಶಿಡ್ಲಘಟ್ಟ. ನನಗೆ 38, ಯಜಮಾನರಿಗೆ 44. ಮದುವೆಯಾಗಿ 15 ವರ್ಷ, ಮಕ್ಕಳಿಲ್ಲ. ಮೈದುನ, ಓರಗಿತ್ತಿ ಬೆಂಗಳೂರಲ್ಲಿ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಮಗಳನ್ನು ಏಳು ತಿಂಗಳಿಗೇ ನನ್ನ ಹತ್ರ ಬಿಟ್ಟರು. ಈಗ ಮೂರೂವರೆ ವರ್ಷ. ನನ್ನ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳದೆ ಮಲಗಲ್ಲ. ಎಲ್ಲರ ಮುಂದೆ ದೊಡ್ಡಮ್ಮ ಅಂತಾಳೆ, ಜ್ವರ ಬಂದಾಗ ಮಾತ್ರ ಅಮ್ಮ. ಜೂನ್‌ಗೆ ಎಲ್‌ಕೆಜಿಗೆ ಕರೆದುಕೊಂಡು ಹೋಗ್ತೀನಿ ಅಂತ ಓರಗಿತ್ತಿ ಫೋನ್ ಮಾಡಿದ್ದಳು. ಮೈದುನ "ನೀವೇ ಇಟ್ಟುಕೊಳ್ಳಿ ಅತ್ತಿಗೆ" ಅಂತಾನೆ. ಅವನ ಹತ್ರ ಛಾಪಾ ಕಾಗದದಲ್ಲಿ ಬರೆಸಿಕೊಂಡರೆ ಸಾಕಾ? ಇಷ್ಟು ವರ್ಷ ಸಾಕಿದ್ದಕ್ಕೆ ಹಕ್ಕೇ ಇಲ್ವಾ?

ಉತ್ತರ: ಅಕ್ಕ, ಆ ಕಾಗದ ನಡೆಯಲ್ಲ. ನೀವು ಹಿಂದೂಗಳಾದರೆ 1956ರ ದತ್ತಕ ಕಾಯ್ದೆ ಅನ್ವಯ ಆಗುತ್ತದೆ. ತಾಯಿ ಒಪ್ಪದೆ ತಂದೆ ಒಬ್ಬನೇ ಮಗು ಕೊಡೋ ಹಾಗಿಲ್ಲ. ಸಾಕಿದ ಮಾತ್ರಕ್ಕೆ ದತ್ತು ಆಗಲ್ಲ.

ಅವಳೂ ಮನಸಾರೆ ಒಪ್ಪಿದರೆ ಕಷ್ಟವೇನಿಲ್ಲ. ಮಗುವಿಗೆ 15 ತುಂಬಿಲ್ಲ, ನಿಮಗೆ ಹೆಣ್ಣುಮಗುವಿಲ್ಲ, ಸರಿಹೋಗುತ್ತದೆ. ಮಗುವನ್ನು ಅವರು ಕೈಯಾರೆ ಕೊಡಬೇಕು, ನೀವು ತಗೊಳ್ಳಬೇಕು. ಎರಡೂ ಕಡೆಯವರು ಸಹಿ ಹಾಕಿ ದತ್ತಕ ಪತ್ರ ರಿಜಿಸ್ಟರ್ ಮಾಡಿಸಿ. ದುಡ್ಡು ಕೈ ಬದಲಾಯಿಸಬಾರದು. ಒಮ್ಮೆ ಆಯ್ತು ಅಂದರೆ ಅವರೂ ರದ್ದು ಮಾಡೋ ಹಾಗಿಲ್ಲ, ನೀವೂ ಇಲ್ಲ. ಅದಕ್ಕೇ ಹೇಳೋದು, ಹಬ್ಬದ ದಿನ ಹಿರಿಯರನ್ನು ಕೂರಿಸಿ ಅವಳ ಬಾಯಿಂದ ಹೂಂ ಅನ್ನಿಸಬೇಡಿ.

ಪ್ರಶ್ನೆ: ಒಪ್ಪಲ್ಲ ಮೇಡಂ. ಕೇಳೋಕೆ ನನಗೇ ಬಾಯಿ ಬರ್ತಿಲ್ಲ. ಸಂಬಳದ ದಿನ ಮಗುವಿಗೆ ಅಂತ ಬಟ್ಟೆ ತಗೊಂಡು ಬಸ್ಸು ಹತ್ತಿ ಬರ್ತಾಳೆ. ಬೇರೆ ಮಗು ದತ್ತು ತಗೊಳ್ಳೋಕೆ ನಮಗೆ ವಯಸ್ಸು ಮೀರಿತಾ?

ಉತ್ತರ: ಮೀರಿಲ್ಲ. 2022ರ ದತ್ತು ನಿಯಮದಲ್ಲಿ ಎರಡು ವರ್ಷದೊಳಗಿನ ಮಗುವಿಗೆ ಗಂಡ ಹೆಂಡತಿ ವಯಸ್ಸು ಕೂಡಿ 85 ದಾಟಬಾರದು. ನಿಮ್ಮದು 82. ಎರಡರಿಂದ ನಾಲ್ಕು ವರ್ಷದ ಮಗುವಾದರೆ 90ರವರೆಗೆ. ದತ್ತು ತಗೊಳ್ಳೋರಿಗೆ ಅಂತ ಸರ್ಕಾರದ್ದೇ ವೆಬ್‌ಸೈಟ್ ಇದೆ, ಕೇರಿಂಗ್ಸ್ ಪೋರ್ಟಲ್ ಅಂತ, ಅದರಲ್ಲಿ ಹೆಸರು ಹಾಕಿ. ಗೊತ್ತಾಗದಿದ್ದರೆ ಚಿಕ್ಕಬಳ್ಳಾಪುರದ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿ. ಸರದಿ ಉದ್ದ, ವರ್ಷಗಟ್ಟಲೆ ಕಾಯಬೇಕು. ಬೇಗ ಕೊಡಿಸ್ತೀವಿ ಅನ್ನೋ ಏಜೆಂಟರ ಹತ್ರ ಹೋಗಬೇಡಿ, ಅದು ಮಗು ಮಾರಾಟ, ಜೈಲು.

ಇನ್ನೊಂದು, ಇದು ಲಾಯರ್ ಮಾತಲ್ಲ. ಮೇ ತಿಂಗಳಲ್ಲೇ ಓರಗಿತ್ತಿಯನ್ನು ಒಂದು ವಾರ ನಿಮ್ಮನೆಗೆ ಕರೆಸಿಕೊಳ್ಳಿ. ರಾತ್ರಿ ಮಗು ಅವಳ ಪಕ್ಕ ಮಲಗಲಿ. ಹೋಗುವಾಗ ನಿಮ್ಮದೊಂದು ಹಳೇ ಸೀರೆ ಜೊತೆಗೆ ಕಳಿಸಿ.

ಪ್ರಶ್ನೆ: ಆಗಲಿ ಮೇಡಂ. ಪೋರ್ಟಲ್‌ಗೆ ಮದುವೆ ಸರ್ಟಿಫಿಕೇಟ್ ಬೇಕಂತೆ, ನಾವು ಮಾಡಿಸೇ ಇಲ್ಲ.

ಉತ್ತರ: ಲಗ್ನಪತ್ರಿಕೆ, ಮದುವೆ ಫೋಟೊ, ಆಧಾರ್, ಸಾಕ್ಷಿಗಳನ್ನು ಕರೆದುಕೊಂಡು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ. ಈಗಲೂ ಮಾಡಿಕೊಡುತ್ತಾರೆ.